ಬರೀ ಒದ್ದೆ

ಸೋದರತ್ತೆ ಸವೇತಾ ತಬಿತಾಳ ತಲೆಗೆ ಕರಿ ವಸ್ತ್ರ ಬಿಗಿಯುತ್ತಿದ್ದಳು.

“ಗಂಟು ಬಿಚ್ಚಬೇಡ. ಸಭೆಯೋರೆಲ್ಲ ನಿನ್ನೇ ನೋಡ್ತಿದಾರೆ.”

“ಸತ್ತಿರೋದು ನಾನಲ್ಲ, ಅತ್ತೆ. ನಿನ್ನ ಅಣ್ಣ. ಅವನನ್ನ ನೋಡ್ಲಿ.”

ಅಂಗಳದಲ್ಲಿ ಎರಡು ಕುರ್ಚಿಗಳ ಮೇಲೆ ಟಿಯೋಫಿಲ್‌ನ ಶವಪೆಟ್ಟಿಗೆ. ನಲವತ್ತು ವರ್ಷ ಬಿಹೋರ್ ಸೀಮೆಯ ಆ ಹಳ್ಳಿಯ ಮನೆಮನೆಗೂ ಚಳಿಗಾಲದ ಒಲೆ ಕಟ್ಟಿಕೊಟ್ಟವನು. ಉಗುರುಸಂದಿಯ ಜೇಡಿಮಣ್ಣು ಸತ್ತರೂ ಹೋಗಿರಲಿಲ್ಲ. ಬ್ಯಾಪ್ಟಿಸ್ಟ್ ಸಭೆಯ ಪಾಸ್ಟರ್ ಓವಿದಿಯು ಪಕ್ಕದಲ್ಲಿ ನಿಂತು ಬೋಧಿಸುತ್ತಿದ್ದರು.

“ಮಕ್ಕಳನ್ನು ಕರ್ತನ ಬಳಿಗೆ ತರುವುದು ತಂದೆಯ ಮೊದಲ ಕೆಲಸ. ನಮ್ಮ ಸಹೋದರ ಊರನ್ನೆಲ್ಲ ಬೆಚ್ಚಗೆ ಮಾಡಿದರು. ಸ್ವಂತ ಮನೆಯಲ್ಲೇ ಒಂದು ಆತ್ಮ ತಣ್ಣಗೆ ಉಳಿಯಿತು.”

ಹೆಂಗಸರು ನಿಟ್ಟುಸಿರಿಟ್ಟರು.

“ಅಪ್ಪ ಕಟ್ಟಿದ ಒಲೆ ಮುಂದೆ ಕೂತೇ ಪಾಸ್ಟರ್ ಇದನ್ನ ಬರ್ದಿರ್ತಾನೆ,” ತಬಿತಾ ಹಲ್ಲು ಕಚ್ಚಿದಳು.

“ಬಾಯ್ಮುಚ್ಚೇ. ಅವರು ಕರೆದಾಗ ಹೋಗಿ ಮಂಡಿಯೂರಿ ನಂಬ್ತೀನಿ ಅನ್ನು. ಅಣ್ಣನ ಹೆಸರಾದ್ರೂ ಉಳೀಲಿ.”

*

ಹದಿನಾಲ್ಕನೇ ವಯಸ್ಸಿನಲ್ಲಿ, ದೀಕ್ಷಾಸ್ನಾನಕ್ಕೆ ಬಿಳಿ ನಿಲುವಂಗಿ ತೊಟ್ಟು ತಬಿತಾ ಸಾಲಿನಲ್ಲಿ ನಿಂತಿದ್ದಳು. ಸಭೆ ಹಾಡುತ್ತಿತ್ತು. ಸಭೆಯ ಹಿರಿಯನಾಗಿದ್ದ ಅಪ್ಪ ನೀರಿನ ತೊಟ್ಟಿಯ ಮೆಟ್ಟಿಲಲ್ಲಿ ಅವಳನ್ನು ತಡೆದ.

“ನಂಬಿಕೆ ಇದೆಯಾ, ಮಗಳೇ?”

“ಇಲ್ಲಪ್ಪ. ಬರದಿದ್ರೆ ನಿನಗೆ ಅವಮಾನ ಆಗುತ್ತಲ್ಲ ಅಂತ ಬಂದೆ.”

“ಹಾಗಾದ್ರೆ ಬರೀ ಒದ್ದೆಯಾಗ್ತೀಯ ಅಷ್ಟೆ. ನಡಿ ಮನೆಗೆ. ದೇವರ ಮುಂದೆ ನಿನ್ನ ಬಾಯಲ್ಲಿ ಸುಳ್ಳು ಹೇಳ್ಸೋಕೆ ನಾನು ಅಪ್ಪ ಆಗಿಲ್ಲ.”

ಹಾಡು ನಿಂತೇಹೋಯಿತು. ಮುಂದಿನ ಭಾನುವಾರ, ಸ್ವಂತ ಮನೆ ಆಳಲಾರದವನೆಂದು ಅವನನ್ನು ಹಿರಿತನದಿಂದ ಇಳಿಸಿದರು. ಇಪ್ಪತ್ತಾರು ವರ್ಷ ಕೊನೆಯ ಬೆಂಚಿನಲ್ಲಿ ಕೂತ. ಮಗಳಿಗಾಗಿ ದಿನಾ ಪ್ರಾರ್ಥಿಸಿದ. ಸಭೆಗೆ ಬಾ ಎಂದು ಒಂದು ಸಲವೂ ಪೀಡಿಸಲಿಲ್ಲ.

*

ಮುಚ್ಚಳ ಜಡಿದಾಯಿತು. ಹೊರುವ ನಾಲ್ವರು ಬಂದು ನಿಂತರು.

“ತಬಿತಾ,” ಪಾಸ್ಟರ್ ಕರೆದರು, “ಬಾ ತಾಯಿ. ನಿನ್ನ ತಂದೆಯ ಸೋಲನ್ನು ಇಲ್ಲೇ ಅಳಿಸಿಹಾಕು.”

ಅವಳು ಮುಂದೆ ನಡೆದಳು. “ದೇವರಿಗೆ ಸ್ತೋತ್ರ!” ಎಂದು ಅತ್ತೆ ಬಿಕ್ಕಿದಳು. ಆಶೀರ್ವದಿಸಲು ಪಾಸ್ಟರ ಕೈ ಮೇಲೆದ್ದಿತು.

“ಅಪ್ಪ ಸೋತಿಲ್ಲ. ಅವನು ನನ್ನ ವಿಷಯ ದೇವರಿಗೆ ಬಿಟ್ಟಿದ್ದ. ನಿಮಗೆ ದೇವರ ಮೇಲೆ ಅಷ್ಟೂ ನಂಬಿಕೆ ಇಲ್ಲ.”

ಹೊರುವವನೊಬ್ಬನನ್ನು ಸರಿಸಿ, ಪೆಟ್ಟಿಗೆಯ ತಲೆಯ ಕಡೆಗೆ ಅವಳು ಹೆಗಲು ಕೊಟ್ಟಳು.

“ಹೆಂಗಸರು ಹೊರೋ ಪದ್ಧತಿ ಇಲ್ಲಮ್ಮ,” ಅವನು ಗೊಣಗಿದ.

“ಹಾಗಾದ್ರೆ ಆ ಕಡೆ ನೋಡು. ಎತ್ರೋ!”

ಎತ್ತಿದರು. ಪಾಸ್ಟರ ಕೈ ಇನ್ನೂ ಗಾಳಿಯಲ್ಲೇ ಇತ್ತು. ಗಂಡಸರು ಮೂವರೂ ಎತ್ತರದವರು, ಅವಳು ಗಿಡ್ಡ. ಪೆಟ್ಟಿಗೆ ಅವಳತ್ತ ವಾಲಿತು, ಒಳಗಿನ ಭಾರವೆಲ್ಲ ಮೆಲ್ಲಗೆ ಜಾರಿ ಅವಳ ಹೆಗಲಿಗೆ ಒರಗಿತು.