ಕೊನೆಯ ಗಾಡಿ

ನಡೆಯಲಾಗದ ಮಕ್ಕಳ ಶಾಲೆಯ ಜಗಲಿಯಲ್ಲಿ ಕುಳಿತು ನಾನು ಗಾಲಿಕುರ್ಚಿಗಳಿಗೆ ಹೊಸ ಕ್ಯಾನ್ವಾಸ್ ಹೊಲಿಯುತ್ತಿದ್ದೆ. ನನ್ನದು ದರ್ಜಿಯ ಕಸುಬು. ವರ್ಷಕ್ಕೊಮ್ಮೆ ಮೋಟಾರ್ ಸೈಕಲ್ಲಿನವರ ತಂಡವೊಂದು ಬೆಟ್ಟ ಹತ್ತಿ ಇಲ್ಲಿಗೆ ಬಂದು, ಕುರ್ಚಿಗಳ ಗಾಲಿ, ಬೇರಿಂಗು, ಬ್ರೇಕುಗಳನ್ನು ರಿಪೇರಿ ಮಾಡಿಕೊಟ್ಟು ಹೋಗುತ್ತದೆ. ಈ ಸವಾರಿಯನ್ನು ಶುರುಮಾಡಿದವನು ನನ್ನ ಮಗ. ಹೋದ ವರ್ಷ ಅವನು ಅಂಗಡಿಯಿಂದ ಗಾಡಿಯಲ್ಲಿ ಮನೆಗೆ ಬರುತ್ತಿದ್ದಾಗ ಲಾರಿಯೊಂದು ಹಿಂದಿನಿಂದ ಗುದ್ದಿತು. ಕೊಟ್ಟವನೇ ಕರೆದುಕೊಂಡ ಎಂದು ದಿನವೂ ಪ್ರಾರ್ಥನೆಯಲ್ಲಿ ಹೇಳಿಕೊಳ್ಳುತ್ತೇನೆ. ಬಾಯಿ ಹೇಳುತ್ತದೆ; ಮನಸ್ಸು ಇನ್ನೂ ಕಲಿತಿಲ್ಲ.

ಈ ವರ್ಷ ಅವನ ಗಾಡಿಯನ್ನು ರಿಪೇರಿ ಮಾಡಿಸಿ ಅವನ ತಂಗಿ ಓಡಿಸುತ್ತಿದ್ದಳು. ನನಗೆ ಉಳಿದಿರುವುದು ಅವಳೊಬ್ಬಳೇ. ನಾನು ಸಾಮಾನಿನ ವ್ಯಾನಿನಲ್ಲಿ ಬೆಳಿಗ್ಗೆಯೇ ಬಂದಿದ್ದೆ. ಮಗ ಹೋದಂದಿನಿಂದ ಎರಡು ಚಕ್ರದ ಗಾಡಿಯ ಹತ್ತಿರ ಹೋದರೇ ಮೈ ಬೆವರುತ್ತದೆ.

ತಂಡಕ್ಕೊಂದು ಕಟ್ಟುಪಾಡು ಇದೆ. ದಾರಿ ತಿರುಗುವ ಕಡೆಯೆಲ್ಲ ಒಬ್ಬ ಮೂಲೆಯಲ್ಲಿ ನಿಂತು ಹಿಂದಿನವರಿಗೆ ಕೈ ತೋರಿಸಬೇಕು. ಎಲ್ಲರಿಗಿಂತ ಕೊನೆಗೆ ಬರುವ ಗಾಡಿಯವರು ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೊಟ್ಟಿರುತ್ತಾರೆ. ಅದು ಕಣ್ಣಿಗೆ ಬೀಳುವ ತನಕ ಮೂಲೆಯವನು ಕದಲುವಂತಿಲ್ಲ. ಕಂಡರೆ ಎಲ್ಲರೂ ಬಂದರೆಂದೇ ಅರ್ಥ, ಅವನೂ ಹೊರಡಬಹುದು. ಈ ಸಲ ಆ ಅಂಗಿ ಮಗಳ ಮೈಮೇಲಿತ್ತು.

ಮಧ್ಯಾಹ್ನ ಬೆಟ್ಟಕ್ಕೆ ಮಂಜು ಇಳಿಯಿತು. ಗಾಡಿಗಳು ಒಂದೊಂದಾಗಿ ಗೇಟು ದಾಟಿ ಬಂದವು. ತಂಡದ ಮುಂದಾಳು ಹಲ್ಲಿನ ಡಾಕ್ಟರು. ಬಂದವರೇ ಸ್ಪ್ಯಾನರು ಹಿಡಿದು ಕೂತರು.

"ನಿಧಾನ ಡಾಕ್ಟ್ರೇ," ಎಂದು ವಾರ್ಡನ್ನಮ್ಮ ಛೇಡಿಸಿದರು. "ನೀವು ತಿರುವಿದ್ರೆ ನಟ್ಟೂ ಬೇರು ಸಮೇತ ಬಂದುಬಿಡುತ್ತೆ!"

"ಅರಿವಳಿಕೆ ಕೊಟ್ಟೇ ಕೀಳ್ತಿದೀನಿ ಅಮ್ಮ, ನೋವಾಗಲ್ಲ," ಎಂದು ಅವರು ನಟ್ಟಿಗೆ ಎರಡು ಹನಿ ಎಣ್ಣೆ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ಯಜಮಾನ್ರೇ, ಒಂದು ಮಾತು. ವರ್ಷಕ್ಕೊಂದ್ಸಲ ಬಂದ್ರೆ ಸಾಲ್ದು. ಮಕ್ಕಳು ಬೆಳೀತಾರೆ, ಕುರ್ಚಿ ಬೆಳೆಯಲ್ವಲ್ಲ. ಇನ್ಮೇಲೆ ತಿಂಗಳು ತಿಂಗಳು ಬರೋಣ, ಬೆಟ್ಟದಾಚೆ ಇರೋ ಶಾಲೆಗೂ ಹೋಗೋಣ ಅಂತಿದೀವಿ. ಕೊನೇ ಗಾಡಿ ನಂದೇ ಅಂತಾಳೆ ನಿಮ್ಮ ಮಗಳು. ಆದ್ರೆ ನೀವು ಹೂಂ ಅನ್ನದೆ ನಾವು ಶುರು ಮಾಡಲ್ಲ."

ತಿಂಗಳು ತಿಂಗಳು! ಈ ಒಂದು ದಿನ ಜೀವ ಕೈಯಲ್ಲಿ ಹಿಡಿದು ಕೂರುವುದೇ ನನ್ನಿಂದ ಆಗುತ್ತಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಂಜಿನೊಳಗಿಂದ ಕಿತ್ತಳೆ ಬಣ್ಣ ಗೇಟಿಗೆ ಬಂತು. ಬಂದಳಲ್ಲ, ದೇವರು ದೊಡ್ಡವನು ಎಂದು ಉಸಿರು ಬಿಟ್ಟೆ.

ಹೆಲ್ಮೆಟ್ಟು ತೆಗೆದಾಗ ಕಂಡದ್ದು ತಂಡದಲ್ಲೊಬ್ಬನಾದ ಬೇಕರಿಯವನ ಮೀಸೆ.

"ನನ್ನ ಮಗಳೆಲ್ಲಪ್ಪಾ?"

"ಹಿಂದೇನೇ ಬರ್ತಿದಾಳೆ," ಎಂದ ಅವನು. "ನನ್ನ ಗಾಡಿ ಹಿಂದಿನ ದೀಪ ಸತ್ತೋಯ್ತು. ಮಂಜಲ್ಲಿ ಯಾರಾದ್ರೂ ಗುದ್ದಿಬಿಟ್ಟಾರು ಅಂತ ಅವಳೇ ಇದನ್ನ ಬಿಚ್ಚಿ ನಂಗೆ ತೊಡಿಸಿದ್ಲು. ನೀವು ಮುಂದೆ ನಡೀರಿ ಅಂದ್ಲು."

ಡಾಕ್ಟರ ಕೈಯಿಂದ ಸ್ಪ್ಯಾನರು ಬಿತ್ತು. "ಮೂಲೇಲಿದ್ದೋರು ಏನು ಮಾಡಿದ್ರು?"

"ಈ ಅಂಗಿ ನೋಡಿದ್ರು, ಕೈಯೆತ್ತಿದ್ರು, ಹೊರಟ್ರು..." ಹೇಳುತ್ತಿದ್ದಂತೆಯೇ ಬೇಕರಿಯವನ ಮುಖ ಬಿಳಿಚಿತು. "ಅಯ್ಯೋ ದೇವರೇ."

ಮೂಲೆಗಳೆಲ್ಲ ಖಾಲಿ. ಅವಳು ಈ ದಾರಿಗೆ ಹೊಸಬಳು. ಶಾಲೆಗೆ ತಿರುಗುವ ಕಡೆ ತಿರುಗದೆ ನೇರ ಹೋದರೆ ಹಳೆಯ ಕಲ್ಲುಗಣಿ. ರಸ್ತೆ ಅಲ್ಲಿ ಸುಮ್ಮನೆ ಮುಗಿದುಹೋಗುತ್ತದೆ, ತಡೆಗೋಡೆಯೂ ಇಲ್ಲ. ಫೋನು ಮಾಡಿದರೆ ಸಿಗ್ನಲ್ ಇಲ್ಲ.

"ನೀವು ಇಲ್ಲೇ ಇರಿ," ಎಂದರು ಡಾಕ್ಟರು.

"ಮಗನಿಗೆ ಲಾರಿ ಗುದ್ದಿದ ದಿನವೂ ನಂಗೆ ಇಲ್ಲೇ ಇರಿ ಅಂದಿದ್ರು. ಗಾಡಿ ತೆಗೀರಿ."

ಅವರ ಬೆನ್ನು ಹಿಡಿದು ಕುಳಿತೆ. ಮಂಜು ಮುಖಕ್ಕೆ ಒದ್ದೆ ಬಟ್ಟೆಯಂತೆ ಬಡಿಯಿತು. ಪ್ರಾರ್ಥನೆ ಮಾಡೋಣವೆಂದರೆ ಒಂದು ಸಾಲೂ ನೆನಪಾಗದು. ಅವಳನ್ನು ಬಿಡು, ಅವಳನ್ನು ಬಿಡು ಎಂಬುದೊಂದೇ ಬಾಯಿಗೆ ಬರುತ್ತಿತ್ತು. ತಿರುವಿನಲ್ಲಿ ಯಾರೂ ಇರಲಿಲ್ಲ. ಗಣಿಯ ಕಡೆಗೆ ಹೋಗುವ ಕೆಸರಿನಲ್ಲಿ ಒಂದೇ ಒಂದು ಟೈರಿನ ಗುರುತು, ಹೊಸದು. ಹೋದದ್ದಿತ್ತು, ವಾಪಸು ಬಂದದ್ದಿರಲಿಲ್ಲ.

ಡಾಕ್ಟರು ಗಾಡಿ ನಿಲ್ಲಿಸಿದರು. ನಾನು ಇಳಿದು ನಡೆದೆ, ಓಡಿದೆ.

"ಯಾರದು? ಮುಂದೆ ಬರಬೇಡಿ! ಅಲ್ಲೇ ನಿಲ್ಲಿ!"

ಅವಳ ದನಿ. ದನಿ ಬಂದ ಕಡೆಗೆ ಒಂದೊಂದೇ ಹೆಜ್ಜೆ ಇಟ್ಟು ಹೋದೆ.

ಅವಳು ನೆಲದ ಮೇಲೆ ಕುಳಿತು ಗಾಡಿಯ ಹಿಂದಿನ ಚಕ್ರವನ್ನು ಎರಡು ಕೈಯಲ್ಲೂ ಅಪ್ಪಿ ಹಿಡಿದಿದ್ದಳು. ಮುಂದಿನ ಚಕ್ರದಾಚೆ ಒಂದು ಮೊಳ ನೆಲವಿತ್ತು. ಅಲ್ಲಿಂದಾಚೆ ಬರೀ ಬಿಳುಪು.

"ರಸ್ತೆ ಸದ್ದೇ ಬೇರೆ ಆಯ್ತಪ್ಪ, ಬ್ರೇಕ್ ಹಾಕ್ದೆ. ಬಿಟ್ರೆ ಅಣ್ಣನ ಗಾಡಿ ಕೆಳಗೆ ಹೋಗುತ್ತೆ ಅಂತ..."

"ಹೋದ್ರೆ ಹೋಗ್ಲಿ ಕಣೇ, ಹುಚ್ಚಿ!"

ಡಾಕ್ಟರು ಗಾಡಿಯನ್ನು ಹಿಂದಕ್ಕೆಳೆದರು. ನಾನು ಅವಳನ್ನು ಎಳೆದುಕೊಂಡೆ. ಇಬ್ಬರ ಹಲ್ಲೂ ಕಟಕಟ ಎನ್ನುತ್ತಿದ್ದವು. ಅವಳು ಕೇಳಿದ ಮೊದಲ ಮಾತು, "ಬೇಕರಿ ಅಣ್ಣ ತಲುಪಿದ್ರಾ? ಯಾರೂ ಹಿಂದಿನಿಂದ ಗುದ್ದಲಿಲ್ಲ ತಾನೆ?"

"ತಲುಪಿದಾನೆ, ಏನೂ ಆಗಿಲ್ಲ," ಎಂದೆ. ಒಂದು ಮನೆಯಲ್ಲಿ ಆದದ್ದು ಇನ್ನೊಂದು ಮನೆಯಲ್ಲಿ ಆಗಬಾರದೆಂದು ಅವಳು ಅಂಗಿ ಬಿಚ್ಚಿಕೊಟ್ಟಿದ್ದಳು.

"ತಪ್ಪು ನಮ್ಮದು ಯಜಮಾನ್ರೇ," ಎಂದರು ಡಾಕ್ಟರು. "ತಿಂಗಳಿನ ಸವಾರಿ ಮಾತು ಇಲ್ಲಿಗೇ ಬಿಟ್ಟೆ."

ನಾನು ಬಯಸಿದ್ದೂ ಅದೇ. ಆದರೆ ಇನ್ನೊಬ್ಬರಿಗಾಗಿ ಅಂಗಿ ಬಿಚ್ಚಿಕೊಟ್ಟವಳನ್ನು ಮನೆಯಲ್ಲಿ ಕಟ್ಟಿಹಾಕುವುದು ಹೇಗೆ? ಮಗಳು ಅಂಗೈಯ ಕೆಸರನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನಿಂತಳು.

"ಕೊನೇಲಿ ಇಬ್ಬರಿರಲಿ," ಎಂದೆ. "ಒಬ್ಬರನ್ನ ಇನ್ನೊಬ್ಬರು ಬಿಟ್ಟು ಕದಲಬಾರದು. ಹಾಗಿದ್ರೆ ಹೋಗಿ."

"ಅಂದ್ರೆ ಹೂಂ ಅಂತಲಾ?"

"ಹೂಂ ಅಂತಲೇ. ಇನ್ನೊಂದ್ಸಲ ಕೇಳ್ಬೇಡಿ ಡಾಕ್ಟ್ರೇ, ಮಾತು ಬದಲಾದೀತು."

ಮಗಳು ಗಾಡಿ ಹತ್ತಿದಳು. ಅವಳ ಹಿಂದೆ ಕುಳಿತು ಸೊಂಟ ಬಳಸಿ ಹಿಡಿದೆ.

"ಗಟ್ಟಿಯಾಗಿ ಹಿಡ್ಕೋ ಅಪ್ಪ."

"ಹಿಡ್ಕೊಂಡೇ ಇದೀನಿ. ನಿಧಾನ."

ಡಾಕ್ಟರು ನಮ್ಮ ಪಕ್ಕಕ್ಕೇ ಗಾಡಿ ತಂದರು. ದಾರಿಯುದ್ದಕ್ಕೂ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಗೇಟು ಬಂತು ಎಂದು ಅವಳು ಹೇಳಿದ ಮೇಲೂ ಸ್ವಲ್ಪ ಹೊತ್ತು ತೆರೆಯಲಿಲ್ಲ.