ಐದು ಬಗೆಯ ಹೂಂ

ಟೈಲರ್ ಮಾಸ್ಟರ್ ಬಳಿ ಐದು ಬಗೆಯ ಹೂಂ ಇದ್ದವು. ಒಪ್ಪಿಗೆಯದು ಗಿಡ್ಡ, ಬಾಗಿಲಿನ ಚಿಲಕ ಬಿದ್ದ ಹಾಗೆ. ಮರುಕದ್ದು ಉದ್ದ, ಕೊನೆಯಲ್ಲಿ ತುಸು ಇಳಿಯುತ್ತಿತ್ತು. ಅನುಮಾನದ್ದು ಮೂಗಿನಿಂದ ಹೊರಡುತ್ತಿತ್ತು. 'ಆಮೇಲೇನಾಯ್ತು?' ಎಂಬ ಅರ್ಥದ್ದು ಮೇಲಕ್ಕೇರುತ್ತಿತ್ತು. ಐದನೆಯದು 'ಇನ್ನು ಸಾಕು, ಹೊರಡಿ' ಎಂಬುದಕ್ಕೆ. ಕೊರಳಿನ ಅಳತೆಪಟ್ಟಿಯನ್ನು ತೆಗೆದು ಸುರುಳಿ ಸುತ್ತುವುದೂ ಅದರ ಭಾಗವೇ. ಈ ಐದರ ಬಲದಿಂದ ಅವರು ಎಂಟು ವರ್ಷ, ಯಾರು ಏನು ಹೇಳಿದ್ದೂ ಸರಿಯಾಗಿ ಕೇಳಿಸದೆ, ಬೀದಿಗೆಲ್ಲ ಒಳ್ಳೆಯ ಕೇಳುಗ ಎಂದು ಹೆಸರು ಮಾಡಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹೂಂ ಮಾಸ್ಟರ್ ಎಂದು. ಬೆನ್ನ ಹಿಂದೆ ಕರೆದದ್ದು ಅವರಿಗೆ ಹೇಗೂ ಕೇಳಿಸುತ್ತಿರಲಿಲ್ಲ.

ಮೂವತ್ತು ವರ್ಷ ಉಡುಪಿನ ಕಾರ್ಖಾನೆಯಲ್ಲಿ, ಇನ್ನೂರು ಯಂತ್ರಗಳ ನಡುವೆ ದುಡಿದ ಕಿವಿ ಅದು. ಕಾರ್ಖಾನೆ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲಿ ಸ್ವಂತ ಅಂಗಡಿ ಇಟ್ಟಾಗಲೇ ಸಣ್ಣ ದನಿಗಳು ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋಗಿದ್ದವು: ಇಸ್ತ್ರಿಪೆಟ್ಟಿಗೆಯ ಉಸ್ಸು, ಕಾಗದದ ಸರಬರ, ಗಿರಾಕಿಗಳ ಪಿಸುಮಾತು. ಹೆಂಡತಿಯ ದನಿ ಮಾತ್ರ ಜಗ್ಗಿರಲಿಲ್ಲ. ಆಕೆ ಶಾಲೆಯಲ್ಲಿ ಆಟದ ಟೀಚರಾಗಿ ನಿವೃತ್ತಿಯಾದವರು. ಮೈದಾನದ ಆ ತುದಿಯಲ್ಲಿ ಓಡುವವರನ್ನು ಈ ತುದಿಯಿಂದಲೇ ನಿಲ್ಲಿಸಿದ ಗಂಟಲು. "ಹೆಂಡ್ತಿ ಮಾತು ಕೇಳಿಸೋವರೆಗೂ ಗಂಡಸು ಕಿವುಡನಲ್ಲ" ಎಂಬುದು ಮಾಸ್ಟರ್ ಸಿದ್ಧಾಂತ.

ಸಿದ್ಧಾಂತ ಮುರಿದುಬಿದ್ದದ್ದು ತೋಳಿನಿಂದ. ಒಂದು ವಾದ್ಯತಂಡದ ಯಜಮಾನ ಇಪ್ಪತ್ತು ಅಂಗಿ ಹೊಲಿಯಲು ಕೊಟ್ಟು "ಗಿಡ್ಡ ತೋಳು" ಎಂದಿದ್ದ. ಮಾಸ್ಟರ್ "ಹೂಂ" ಎಂದು ದೊಡ್ಡ ತೋಳು ಇಟ್ಟರು. ಇಟ್ಟ ಮೇಲೆ ಜಿಪುಣತನ ಮಾಡುವ ಜಾಯಮಾನ ಅವರದಲ್ಲ. ಕಾರ್ಯಕ್ರಮದ ದಿನ ಪಿಟೀಲಿನವನ ಕಮಾನು ಅವನ ತೋಳಿನೊಳಗೇ ಹೊಕ್ಕು, ಈಚೆ ಬರಲು ಅರ್ಧ ಹಾಡು ಹಿಡಿಯಿತಂತೆ. ಮರುದಿನ ಹೆಂಡತಿ ಗಂಡನನ್ನು ಕಿವಿ ಹಿಡಿದು ಎಳೆದೊಯ್ದರು ಎಂದರೆ ಅದು ಬರೀ ಮಾತಿಗೆ ಹೇಳಿದ್ದು. ಹಿಡಿದದ್ದು ಮೊಣಕೈ, ಒಯ್ದದ್ದು ಮಾತ್ರ ಕಿವಿಯ ತಜ್ಞೆಯ ಹತ್ತಿರಕ್ಕೇ.

ಗಾಜಿನ ಗೂಡಿನೊಳಗೆ ಕೂರಿಸಿ, ಕೀಂ ಎಂದಾಗ ಗುಂಡಿ ಒತ್ತಿ ಎಂದರು. ಮಾಸ್ಟರ್ ಅಭ್ಯಾಸಬಲದಿಂದ ಕೇಳಿಸದಿದ್ದಾಗಲೂ ಒತ್ತುತ್ತಿದ್ದರು.

"ಇಲ್ಲಿ ಹೂಂ ಅನ್ನೋ ಹಾಗಿಲ್ಲ ಸರ್," ಎಂದಳು ತಜ್ಞೆ. ಕಸಬಿನಲ್ಲಿ ಇಂಥವರನ್ನು ತುಂಬ ಜನ ನೋಡಿದವಳು. ಆಮೇಲೆ ನಕ್ಷೆ ತೋರಿಸಿದಳು. "ಆ, ಓ, ಊ ಥರದ್ದೆಲ್ಲ ನಿಮಗೆ ಬರ್ತಿದೆ. ಸ, ಶ, ತ, ಕ ಹೋಗಿವೆ."

"ಅಂದ್ರೆ ಬಟ್ಟೆ ಬರ್ತಿದೆ, ಹೊಲಿಗೆ ಬರ್ತಿಲ್ಲ."

"ಅದೇ. ಹೊಲಿಗೆ ಹಾಕೋಕೆ ಇದು." ಹುಣಸೆಬೀಜದಷ್ಟು ಎರಡು ಯಂತ್ರ, ಕೂದಲೆಳೆಯಂಥ ತಂತಿ. ಕಿವಿಯ ಹಿಂದೆ ಸಿಕ್ಕಿಸಿದಳು. ಜೊತೆಗೆ ಹೆಬ್ಬೆರಳುದ್ದದ ಒಂದು ಮೈಕು. "ಗಲಾಟೆ ಇರೋ ಜಾಗದಲ್ಲಿ ಎದುರಿನವರ ಕಾಲರಿಗೆ ಇದನ್ನ ಹಾಕಿ, ಮಾತು ಸೀದಾ ನಿಮ್ಮ ಕಿವಿಗೆ ಬರುತ್ತೆ. ಆದ್ರೆ ಸರ್, ಯಂತ್ರದ್ದು ಅರ್ಧ ಕೆಲಸ. ಕೇಳಿಸದಿದ್ರೆ ಇನ್ನೊಂದ್ಸಲ ಹೇಳಿ ಅಂತ ಕೇಳೋದು ನಿಮ್ಮದು."

ಮಾಸ್ಟರ್ ಒಪ್ಪಿಗೆಯ ಹೂಂ ಹಾಕಿ, ಕನ್ನಡಿ ನೋಡಿಕೊಂಡರು. "ಕಿವಿ ಮೇಲೆ ಹೂ ಇಟ್ಟ ಹಾಗಿದೆ."

"ಎಂಟು ವರ್ಷ ನಮ್ಮೆಲ್ಲರ ಕಿವಿ ಮೇಲೆ ಇಟ್ರಲ್ಲ," ಎಂದರು ಹೆಂಡತಿ. ಯಂತ್ರ ಹಾಕಿದ ಮೇಲೆ ಹೆಂಡತಿಯಿಂದ ಕೇಳಿದ ಮೊದಲ ವಾಕ್ಯ ಅದು. ಮಾಸ್ಟರ್ ತಜ್ಞೆಯ ಕಡೆ ತಿರುಗಿ, ಸ್ವಲ್ಪ ಕಡಿಮೆ ಮಾಡಲು ಬರುತ್ತದೆಯೇ ಎಂದು ಕೇಳಿದರು. ಬರುತ್ತಿತ್ತು, ಫೋನಿನಿಂದಲೇ.

ಮನೆಗೆ ಬಂದರೆ ಪ್ರಪಂಚವೆಲ್ಲ ಗಲಾಟೆ. ಚಪ್ಪಲಿ ಪಟಪಟ, ಫ್ರಿಜ್ ಗೊರಗೊರ. ಮೂಕಪ್ರಾಣಿ ಎಂದುಕೊಂಡಿದ್ದ ಕತ್ತರಿ ಬಟ್ಟೆಯ ಮೇಲೆ ಕರಕರ ಎಂದು ದಿನವಿಡೀ ಮಾತಾಡುತ್ತಿತ್ತು. ಆದರೆ ಅವರು ನಿಜಕ್ಕೂ ಬೆಚ್ಚಿದ್ದು ಸಂಜೆ ಐದೂವರೆಗೆ, ಸೊಸೆ ಬಂದು ಎದುರಿಗೆ ಕೂತಾಗ.

ಸೊಸೆ ಪಟ್ಟಣದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಹತ್ತಿಯ ಮೇಲೆ ಹತ್ತಿ ಬಿದ್ದಂಥ ದನಿ. ಮಾಸ್ಟರ್ ಮಗ ದೂರದ ದಾರಿಯ ಬಸ್ ಓಡಿಸುತ್ತಿದ್ದ. ತಾಯಿಯ ಗಂಟಲು ಮಗನಿಗೂ ಬಂದಿತ್ತು. ಮಾತಿಗೆ ಎಲ್ಲರೂ ಮುಗಿಬೀಳುವ ಆ ಮನೆಯಲ್ಲಿ ಅವಳ ಮಾತು ಊಟದ ಮೇಜು ದಾಟುತ್ತಿರಲಿಲ್ಲ. ಅದಕ್ಕೇ ನಾಲ್ಕು ವರ್ಷದಿಂದ ದಿನಾ ಸಂಜೆ ಮಾವನ ಎದುರು ಕೂತು, ಅಂಗಿಗಳಿಗೆ ಗುಂಡಿ ಹಾಕುತ್ತಾ ಮನಸ್ಸಿನಲ್ಲಿದ್ದದ್ದೆಲ್ಲ ಹೇಳುತ್ತಿದ್ದಳು. ಮಾವ ಹೂಂಗುಟ್ಟುತ್ತಿದ್ದರು. "ನೀವು ಕೂಗ್ತೀರಾ ಅತ್ತೆ, ಅದಕ್ಕೆ ಅವರಿಗೆ ಕೇಳಿಸಲ್ಲ. ನಾನು ಮೆಲ್ಲಗೆ ಹೇಳಿದ್ದೆಲ್ಲ ಕೇಳಿಸುತ್ತೆ," ಎಂದು ಅತ್ತೆಗೇ ಪಾಠ ಹೇಳಿದ್ದಳು. ಈಗ ಕಿವಿಗೆ ಯಂತ್ರ ಬಂದದ್ದೂ ಬೇರೆಯವರ ಮಾತಿಗೆ ಎಂದೇ ಅವಳ ಎಣಿಕೆ.

ಮಾವನಿಗೆ ನಾಲ್ಕು ವರ್ಷದಲ್ಲಿ ಅವಳ ಒಂದು ವಾಕ್ಯವೂ ಪೂರ್ತಿ ಕೇಳಿಸಿರಲಿಲ್ಲ. ಈಗ ಕೇಳಿಸಿತು.

"ಮಾವ, ಅವರು ಮತ್ತೆ ಕಾಗದ ಬರೆದಿದ್ದಾರೆ."

ಕಥೆಯ ಕೊನೆಯ ಅಧ್ಯಾಯಕ್ಕೆ ಬಂದು ಕೂತವರಂತೆ ಮಾಸ್ಟರ್ ಕಣ್ಣು ಬಿಟ್ಟರು.

"ನಾನು ಉತ್ತರ ಬರೆಯೋದು ಬೇಡ ಅಲ್ವಾ ಮಾವ ಅಂತ ಎರಡು ವರ್ಷದ ಹಿಂದೆ ಕೇಳಿದ್ನಲ್ಲ, ನೀವು ಹೂಂ ಅಂದ್ರಿ. ಅವತ್ತಿಂದ ಒಂದಕ್ಕೂ ಬರೆದಿಲ್ಲ. ಹನ್ನೊಂದು ಕಾಗದ. ಈಗ ಗುರುವಾರ ರೈಲು ಬದಲಾಯಿಸ್ತಾರಂತೆ, ಹತ್ತೂವರೆಯಿಂದ ಒಂದು ಗಂಟೆ ಸ್ಟೇಷನ್ ಕ್ಯಾಂಟೀನಲ್ಲಿ ಇರ್ತಾರಂತೆ. ಬರದಿದ್ರೆ ಇನ್ಮೇಲೆ ಬರೆಯಲ್ಲ ಅಂತ ಬರೆದಿದ್ದಾರೆ. ನಾನು ಹೋಗಲ್ಲ. ನೀವು ಹೇಳಿದ ಹಾಗೇ." ಹಲ್ಲಿನಿಂದ ದಾರ ಕಡಿದಳು. "ಅಪ್ಪ ಅನ್ನೋ ಪದಾನೂ ನಾನು ಬಳಸಲ್ಲ, ನಿಮಗೆ ಗೊತ್ತಲ್ಲ."

ಗೊತ್ತಿರಲಿಲ್ಲ. ಮದುವೆ ಮಾತುಕತೆಯಲ್ಲಿ 'ತಂದೆ ಇಲ್ಲ' ಎಂದಿದ್ದರು. ಇಲ್ಲ ಎಂದರೆ ಮನೆಯಲ್ಲಿಲ್ಲ ಎಂದೂ ಆಗಬಹುದೆಂದು ಮಾಸ್ಟರಿಗೆ ಹೊಳೆದಿರಲಿಲ್ಲ. ನ್ಯಾಯಾಧೀಶನಾದವನು ಎರಡೂ ಕಡೆಯ ವಾದ ಕೇಳುತ್ತಾನೆ. ಇವರು ಒಂದು ಕಡೆಯದನ್ನೂ ಕೇಳದೆ, ಕಾಣದ ಮನುಷ್ಯನಿಗೆ ಎರಡು ವರ್ಷದ ಶಿಕ್ಷೆ ಹಾಕಿ, ಹಾಕಿದ್ದನ್ನೂ ಅರಿಯದೆ ಕಾಲರು ಕತ್ತರಿಸುತ್ತಾ ಕೂತಿದ್ದರು. ಕೇಳಿಸಿರಲಿಲ್ಲ ಎಂದು ಹೇಳಿದರೆ ಮನೆಯಲ್ಲಿ ಈ ಹುಡುಗಿಗಿದ್ದ ಒಂದೇ ಕಿವಿಯೂ ಹೋಗುತ್ತದೆ. ಹೇಳದಿದ್ದರೆ ಗುರುವಾರ ಒಬ್ಬ ಮನುಷ್ಯ ಕ್ಯಾಂಟೀನಿನಲ್ಲಿ ಬಾಗಿಲು ನೋಡುತ್ತಾ ಕೂತಿರುತ್ತಾನೆ.

ಅಂದು ಸೋಮವಾರ. ಮಂಗಳವಾರ ಸಂಜೆ ಅವರು ಕತ್ತರಿ ಕೆಳಗಿಟ್ಟರು.

"ಮಗಳೇ, ನಂಗೆ ನಿನ್ನ ಮಾತು ಕೇಳಿಸಿರಲಿಲ್ಲ."

"ಯಾವ ಮಾತು ಮಾವ?"

"ಯಾವುದೂ. ನಾಲ್ಕು ವರ್ಷದ್ದೂ."

ಅವಳು ನಕ್ಕಳು. ಮಾವನ ಮುಖ ನೋಡಿ ನಗು ನಿಲ್ಲಿಸಿದಳು. "ಮತ್ತೆ ಆ ಹೂಂ?"

"ನೀನು ಉಸಿರು ತಗೊಳ್ಳೋಕೆ ನಿಂತಾಗೆಲ್ಲ ಒಂದು ಅಂತಿದ್ದೆ."

"ಅಷ್ಟೇನಾ?"

"ಅಷ್ಟೇ."

ಸೂಜಿಯನ್ನು ದಿಂಬಿಗೆ ಚುಚ್ಚಿ, ಎರಡೇ ಗುಂಡಿ ಬಿದ್ದಿದ್ದ ಅಂಗಿಯನ್ನು ಮಡಚಿಟ್ಟು ಅವಳು ಒಳಗೆ ಹೋದಳು. ಬುಧವಾರ ಐದೂವರೆಗೆ ಅವಳ ಹೆಜ್ಜೆ ಅಂಗಡಿಯ ಬಾಗಿಲವರೆಗೆ ಬಂದು, ನಿಂತು, ಮುಂದೆ ಹೋಯಿತು. ಮೊದಲಾದರೆ ಬರದಿದ್ದವರು ಬರಲಿಲ್ಲ, ಅಷ್ಟೇ. ಈಗ ಬಂದು ತಿರುಗಿದ್ದೂ ಕೇಳಿಸುತ್ತದೆ. ಮಾಸ್ಟರ್ ಯಂತ್ರ ಕಳಚಿ ಡಬ್ಬಿಗೆ ಹಾಕಿದರು. ಎರಡು ನಿಮಿಷ ಅದನ್ನೇ ನೋಡಿದರು. ಮತ್ತೆ ಹಾಕಿಕೊಂಡರು. ಆರೂಕಾಲಿಗೆ ಕುರ್ಚಿ ಎಳೆದ ಸದ್ದಾಯಿತು.

"ಎಲ್ಲಿಂದ ಹೇಳಲಿ?" ದನಿಯಲ್ಲಿ ಇನ್ನೂ ಮುನಿಸಿತ್ತು.

"ಮೊದಲಿಂದ."

ಹೇಳಿದಳು. ಅವಳಿಗೆ ಒಂಬತ್ತು ವರ್ಷವಿದ್ದಾಗ ತಂದೆ ಕ್ಷೌರಕ್ಕೆ ಹೋಗಿಬರುತ್ತೇನೆಂದು ಹೊರಟವರು. ಕುಡಿಯುವವರಲ್ಲ, ಹೊಡೆಯುವವರಲ್ಲ, ಜಗಳವೂ ಆಗಿರಲಿಲ್ಲ. ಹಡಗೊಂದರ ಅಡುಗೆಮನೆ ಸೇರಿದ್ದಾರೆಂದು ಆಮೇಲೆ ಗೊತ್ತಾಯಿತು. ತಾಯಿ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ಮಗಳ ವಿಳಾಸ ಹುಡುಕಿ ಬರೆಯತೊಡಗಿದರು. ನಡುನಡುವೆ ಬೀದಿಯಲ್ಲಿ ಗಾಡಿ ಹೋದಾಗ, ಅವಳು ತಲೆ ತಗ್ಗಿಸಿದಾಗ, ಮಾಸ್ಟರಿಗೆ ಹೊಲಿಗೆ ಬಿಟ್ಟುಹೋಗುತ್ತಿತ್ತು. ಹೂಂ ತುಟಿಗೆ ಬರುತ್ತಿತ್ತು. ನುಂಗಿ, "ಇನ್ನೊಂದ್ಸಲ ಹೇಳು" ಎನ್ನುತ್ತಿದ್ದರು. ಎಂಟು ವರ್ಷದಲ್ಲಿ ಬಾಯಿಗೆ ಬಾರದ ಆ ಎರಡು ಪದ ಆ ಸಂಜೆ ಹತ್ತಾರು ಸಲ ಬಂದವು.

"ಅವರ ಮುಖ ನೋಡೋಕೂ ನಂಗೆ ಇಷ್ಟ ಇಲ್ಲ," ಎಂದಳು ಒಮ್ಮೆ, ಅತ್ತ ತಿರುಗಿ.

"ಇನ್ನೊಂದ್ಸಲ ಹೇಳು."

ಅವಳು ಗುಂಡಿಗಳ ಡಬ್ಬಿಯನ್ನು ಅಲ್ಲಾಡಿಸಿದಳು. "ಮುಖ ನೆನಪಿಲ್ಲ ಅಂದೆ."

ಮೊದಲು ಹೇಳಿದ್ದು ಅದಲ್ಲ, ಮೊದಲಿನದೂ ಮಾಸ್ಟರಿಗೆ ಚೆನ್ನಾಗಿಯೇ ಕೇಳಿಸಿತ್ತು. ಕೇಳಿಸದವರ ಹಾಗೆ ಇದ್ದರು. ಅದರಲ್ಲಿ ಅವರಿಗೆ ಅಭ್ಯಾಸವಿತ್ತು.

"ಹಾಗಾದ್ರೆ ಹೋಗೋದು ಬೇಡ, ಅಲ್ವಾ?" ಎಂದು ಅವಳೇ ಕೇಳಿದಳು.

"ಊಹೂಂ."

"ಊಹೂಂ ಅಂದ್ರೆ? ಹೋಗೋದು ಬೇಡ ಅಂತಾನಾ, ಬೇಡ ಅನ್ನೋದು ಬೇಡ ಅಂತಾನಾ?"

ಮಾಸ್ಟರ್ ತಬ್ಬಿಬ್ಬಾದರು. "ನನ್ನ ಹೂಂ ನಂಬಿ ಕೆಟ್ಟಿದ್ದು ಸಾಲದೂ ಅಂತ ಊಹೂಂ ಬೇರೆ ನಂಬ್ತೀಯಾ? ನಿಂಗೇನು ಬೇಕು, ಅದು ಹೇಳು."

"ಹೋಗ್ಬೇಕು," ಎಂದಳು, ಮಾವ ಇನ್ನೊಮ್ಮೆ ಕೇಳಬೇಕಾಗದಷ್ಟು ಗಟ್ಟಿಯಾಗಿ. "ಒಬ್ಳೇ ಹೋಗೋಕೆ ಭಯ. ನೀವು ಪಕ್ಕದಲ್ಲಿ ಕೂತರೂ ನಂಗೆ ಮಾತು ಹೊರಡಲ್ಲ."

ಮಾಸ್ಟರ್ ಡ್ರಾಯರ್ ಎಳೆದು, ಸೀಮೆಸುಣ್ಣದ ತುಂಡುಗಳ ನಡುವಿನಿಂದ ಹೆಬ್ಬೆರಳುದ್ದದ ಮೈಕು ತೆಗೆದು ಮೇಜಿನ ಮೇಲಿಟ್ಟರು. "ನಾನು ದೂರ ಕೂತ್ಕೋತೀನಿ. ಈ ಸಲ ಕೇಳಿಸುತ್ತೆ."

ಗುರುವಾರ ಸ್ಟೇಷನ್ ಕ್ಯಾಂಟೀನ್ ಕಿಕ್ಕಿರಿದಿತ್ತು. ಬಾಗಿಲ ಬಳಿಯ ಮೇಜಿನಲ್ಲಿ ಮಾಸ್ಟರ್ ಚಹಾ ಮುಂದಿಟ್ಟುಕೊಂಡು ಕೂತಿದ್ದರು. ಕಿವಿಯೊಳಗೆ ತಟ್ಟೆ ಲೋಟದ ಗದ್ದಲ ದೂರ ಸರಿದು, ಕಾಲರಿಗೆ ಮೈಕು ಸಿಕ್ಕಿಸಿಕೊಂಡಿದ್ದ ಸೊಸೆಯ ಉಸಿರೊಂದೇ ಕೇಳುತ್ತಿತ್ತು. ಮೂಲೆಯ ಮೇಜಿಗೆ ಹೋಗುತ್ತಾ ಅದು ಎರಡು ಸಲ ತಪ್ಪಿತು. ಅಲ್ಲಿ ಒಬ್ಬ ತೆಳ್ಳಗಿನ ಮನುಷ್ಯ ಎದ್ದು ನಿಂತ. ಚೀಲವನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸಿದ. ಕುತ್ತಿಗೆಯ ಹಿಂದೆ ಕೂದಲು ಆಗಷ್ಟೇ ಕತ್ತರಿಸಿದ ಬಿಳಿ ಗೆರೆ ಮಾಸ್ಟರಿಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. ದರ್ಜಿಯ ಕಣ್ಣು ಕಾಲರಿನ ಸುತ್ತಲೇ ಓಡಾಡುತ್ತದೆ.

ತುಂಬ ಹೊತ್ತು ಮೈಕಿನಲ್ಲಿ ಏನೂ ಇಲ್ಲ. ಬ್ಯಾಟರಿ ಹೋಯಿತೇನೋ ಎಂದು ಮಾಸ್ಟರ್ ಕಿವಿ ಮುಟ್ಟಿ ನೋಡಿಕೊಂಡರು. ಆಮೇಲೆ ಹತ್ತಿಯಂಥ ಆ ದನಿ, ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ:

"ಕ್ಷೌರ ಆಯ್ತಾ?"

ಆ ಮನುಷ್ಯ ಕೂತುಬಿಟ್ಟ. ಅವನ ಮಾತು ಮೈಕಿಗೆ ಅರ್ಧಂಬರ್ಧ ಸಿಕ್ಕಿತು. "...ಆಯ್ತು ಮಗು... ಸ್ವಲ್ಪ ತಡ ಆಯ್ತು."

"ಹದಿನೆಂಟು ವರ್ಷ."

"ಹೂಂ," ಎಂದ ಆತ. ಅದು ಮಾಸ್ಟರ್ ಬಳಿಯಿದ್ದ ಐದರಲ್ಲಿ ಯಾವುದೂ ಆಗಿರಲಿಲ್ಲ.

ಸೊಸೆ ಅಳುತ್ತಿದ್ದಳೋ ಬೈಯುತ್ತಿದ್ದಳೋ, ಎರಡೂ ಒಟ್ಟಿಗೆ ನಡೆಯಿತು. ಏನು ಬೈದಳೆಂದು ಮಾಸ್ಟರ್ ಇಂದಿಗೂ ಯಾರಿಗೂ ಹೇಳಿಲ್ಲ. ಆಮೇಲೆ ಅವಳು ಕಾಲರಿನ ಕಡೆ ಬಾಗಿದಳು. "ಮಾವ, ಸಾಕು. ಇನ್ನು ನಾನು ನೋಡ್ಕೋತೀನಿ. ನಾವಿಬ್ರೂ ಆಮೇಲೆ ನಿಮ್ಮ ಮೇಜಿಗೇ ಬರ್ತೀವಿ."

"ಹೂಂ," ಎಂದರು ಮಾಸ್ಟರ್ ಚಹಾದ ಲೋಟಕ್ಕೆ. ಫೋನಿನಲ್ಲಿ ಮೈಕು ಆರಿಸಿದರು. ತಟ್ಟೆ, ಚಮಚ, ಸೀಟಿ, ಪ್ರಯಾಣಿಕರು, ಎಲ್ಲ ಒಮ್ಮೆಲೇ ಒಳನುಗ್ಗಿದವು. ಆ ಗದ್ದಲದ ನಡುವೆ ಯಾರೋ ಭುಜ ತಟ್ಟಿದರು. ಕ್ಯಾಂಟೀನಿನವನು ಏನೋ ಕೇಳುತ್ತಿದ್ದ. ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಬಟ್ಟೆ ಬರುತ್ತಿತ್ತು, ಹೊಲಿಗೆ ಬರುತ್ತಿರಲಿಲ್ಲ. ಒಪ್ಪಿಗೆಯ ಗಿಡ್ಡ ಹೂಂ ಗಂಟಲವರೆಗೆ ಬಂದಿತ್ತು.

"ಕಿವಿ ಸ್ವಲ್ಪ ಮಂದ," ಎಂದರು ಮಾಸ್ಟರ್. "ಇನ್ನೊಂದ್ಸಲ ಹೇಳಿ."

"ಈ ಎರಡು ಕುರ್ಚಿ ಖಾಲಿ ಇವೆಯಲ್ಲ, ಆ ಕಡೆ ತಗೊಂಡು ಹೋಗ್ಲಾ ಅಂದೆ."

"ಊಹೂಂ," ಎಂದು ಮಾಸ್ಟರ್ ಎರಡು ಕುರ್ಚಿಗಳ ಮೇಲೂ ಒಂದೊಂದು ಕೈ ಇಟ್ಟರು. "ಜನ ಬರೋರಿದ್ದಾರೆ."