ಕಮಾನಿನ ಕಾವಲುಗಾರರು

ನಮ್ಮ ಕಚೇರಿಯ ದೊಡ್ಡ ಕಂಪ್ಯೂಟರನ್ನು ನೋಡಿಕೊಳ್ಳುವವನು ನನ್ನ ಸ್ವಂತ ಮೈದುನ. ನನ್ನ ಕರ್ಮ, ಇನ್ನೇನು. ಅತ್ತೆ ಯಾರ ಮನೆಯಲ್ಲಿರಬೇಕು ಎಂಬ ಜಗಳದಲ್ಲಿ ನಾವು ಮಾತು ಬಿಟ್ಟು ಮೂರು ವರ್ಷವಾಗಿದೆ. ಮನೆಯಲ್ಲಾದರೆ ಮುಖ ತಿರುಗಿಸಿಕೊಂಡು ಹೋಗಬಹುದು. ಕಚೇರಿಯಲ್ಲಿ ಅವನ ಅನುಮತಿಯಿಲ್ಲದೆ ನನ್ನ ಒಂದು ಪ್ರೋಗ್ರಾಮೂ ಓಡುವುದಿಲ್ಲ.

ನಾನು ಸೇತುವೆಗಳ ಎಂಜಿನಿಯರು. ಹಳೆಯ ಸೇತುವೆಯೊಂದು ಭಾರದ ಲಾರಿಗಳನ್ನು ತಾಳೀತೇ ಇಲ್ಲವೇ ಎಂದು ಹೇಳುವ ‘ಕಮಾನು’ ಎಂಬ ಪ್ರೋಗ್ರಾಂ ಬರೆದಿದ್ದೆ. ಅದು ಹನ್ನೊಂದು ದಿನದಿಂದ ಓಡುತ್ತಿತ್ತು, ಇನ್ನೊಂದೇ ದಿನ ಬಾಕಿ. ನಡುವೆ ನಿಂತರೆ ಮತ್ತೆ ಮೊದಲಿನಿಂದ ಶುರು. ಶುಕ್ರವಾರ ಉತ್ತರ ಕೊಡದಿದ್ದರೆ ಸೇತುವೆಯ ಕೆಲಸ ಬೇರೆ ಕಚೇರಿಯ ಪಾಲಾಗುತ್ತದೆ ಎಂದು ಮುಖ್ಯಸ್ಥರು ಎರಡು ಸಲ ಎಚ್ಚರಿಸಿದ್ದರು. ಹಾಗಾದರೆ ನನ್ನ ಎರಡು ವರ್ಷದ ದುಡಿಮೆ ಮಣ್ಣುಪಾಲು.

ಬುಧವಾರ ಬೆಳಿಗ್ಗೆ ಕಂಪ್ಯೂಟರ್ ಕೋಣೆಗೆ ಕರೆ ಬಂತು. ಆ ಕೋಣೆ ಸದಾ ಚಳಿ ಚಳಿ, ಫ್ಯಾನುಗಳ ಗದ್ದಲದಲ್ಲಿ ಕೂಗಿಯೇ ಮಾತಾಡಬೇಕು. ಮೈದುನ ಸ್ವೆಟರ್ ಹಾಕಿಕೊಂಡು ಮಹಾರಾಜನಂತೆ ಕುರ್ಚಿಯಲ್ಲಿದ್ದ. ಮುಖ್ಯಸ್ಥರು ಪಕ್ಕದಲ್ಲಿ ನಿಂತಿದ್ದರು.

“ಯಾರ ಕೆಲ್ಸಾನೂ ಮುಂದಕ್ಕೆ ಹೋಗ್ತಿಲ್ವಂತೆ. ಎಲ್ರೂ ನನ್ನ ಮೇಲೆ ಕೂಗಾಡ್ತಿದಾರೆ,” ಎಂದರು ಮುಖ್ಯಸ್ಥರು.

“ಯಾಕೆ ಅಂತ ನೀವೇ ನೋಡಿ ಸಾರ್.” ಮೈದುನ ಪಿಎಸ್ ಎಂದು ಬರೆದು, ಓಡುತ್ತಿರುವ ಕೆಲಸಗಳ ಪಟ್ಟಿ ತೆಗೆದ. ಕಮಾನಿನ ಎದುರು ಶೇಕಡಾ 780 ಎಂದಿತ್ತು. “ನೂರಕ್ಕೆ ಏಳ್ನೂರ ಎಂಬತ್ತು! ಕಂಪ್ಯೂಟರ್ ಇವರ ಸ್ವಂತ ಆಸ್ತಿ ಆಗೋಗಿದೆ. ನಿಲ್ಸಿಬಿಡ್ಲಾ?”

ಮುಖ್ಯಸ್ಥರ ಮುಖ ಬಿಳಿಚಿಕೊಂಡಿತು. ನನಗೆ ಮೈಯೆಲ್ಲ ಉರಿದುಹೋಯಿತು.

“ನೂರು ಅಂದ್ರೆ ಒಂದು ಪ್ರೊಸೆಸರ್ ಅಷ್ಟೇ. ಇದ್ರಲ್ಲಿ ಒಟ್ಟು ಎಷ್ಟಿದೆ? ಸಾರ್‌ಗೆ ಅದನ್ನೂ ಹೇಳು.”

ಅವನು ಸ್ವೆಟರಿನ ತೋಳು ಎಳೆದುಕೊಳ್ಳತೊಡಗಿದ. ಉತ್ತರ ಗೊತ್ತಿಲ್ಲದೆ ಅಲ್ಲ, ಚೆನ್ನಾಗಿ ಗೊತ್ತಿತ್ತು ಕಳ್ಳನಿಗೆ. ನಾನೇ ಬಾಗಿ, ಪ್ರೊಸೆಸರ್‌ಗಳನ್ನು ಎಣಿಸುವ ಎನ್‌ಪ್ರಾಕ್ ಎಂದು ಒತ್ತಿದೆ. ಪರದೆಯ ಮೇಲೆ 32 ಎಂದು ಬಂತು.

“ನಂದು ಎಂಟು ಸಾರ್, ಬರೀ ಕಾಲು ಭಾಗ. ಮಿಕ್ಕ ಇಪ್ಪತ್ನಾಲ್ಕನ್ನ ಯಾರು ನುಂಗ್ತಿದಾರೆ? ಯಾರ ಹೆಸ್ರಲ್ಲಿ ಏನು ಓಡ್ತಿದೆ ಅಂತ ತೆಗೀಲಿ.”

ತೆಗೆಯದೆ ಅವನಿಗೆ ವಿಧಿಯಿರಲಿಲ್ಲ. ಪಟ್ಟಿಯ ತುಂಬ ಅವನದೇ ಹೆಸರು, ಇಪ್ಪತ್ತಾರು ಸಲ. ಪ್ರತಿ ಸಾಲಿನಲ್ಲೂ ‘ಕಾವಲು ಕಮಾನು’ ಎಂದಿತ್ತು.

“ಏನಿದು?” ಎಂದರು ಮುಖ್ಯಸ್ಥರು.

ಮೈದುನನ ಕಿವಿ ಕೆಂಪಾಯಿತು. “ಇವ್ರು ಆ ಪ್ರೋಗ್ರಾಂ ಶುರು ಮಾಡ್ದಾಗ್ಲೆಲ್ಲ ಒಂದು ಕಾವಲು ಹಾಕ್ತಿದ್ದೆ ಸಾರ್, ಎಷ್ಟು ಹೊತ್ತು ಓಡುತ್ತೆ ಅಂತ ಬರೆದಿಡೋಕೆ. ಅದು ಮುಗಿದ್ರೆ ಇದೂ ನಿಲ್ಬೇಕಿತ್ತು.”

ಎರಡು ವರ್ಷದಿಂದ ನನ್ನ ಬೆನ್ನ ಹಿಂದೆ ಪತ್ತೇದಾರಿ ಕೆಲಸ! ಕಾವಲು ಎಂಬ ಆ ಪುಟ್ಟ ಪ್ರೋಗ್ರಾಮನ್ನು ತೆರೆದು ಓದಿದೆ. ಅದು ಪಟ್ಟಿ ತೆಗೆದು ‘ಕಮಾನು’ ಎಂಬ ಪದವನ್ನು ಹುಡುಕುತ್ತಿತ್ತು. ಸಿಕ್ಕರೆ ಬರೆದುಕೊಂಡು ಮತ್ತೆ ಹುಡುಕುತ್ತಿತ್ತು. ಆದರೆ ಆ ಹುಡುಕಾಟವೂ ಒಂದು ಕೆಲಸವೇ ತಾನೇ? ಅದೂ ಅದೇ ಪದವನ್ನು ಹೊತ್ತು ಅದೇ ಪಟ್ಟಿಯಲ್ಲಿ ಬಂದು ಕೂರುತ್ತದೆ. ಹೀಗೆ ಪ್ರತಿ ಕಾವಲೂ ತನ್ನನ್ನೇ ಕಂಡು, ಕಳ್ಳಿ ಇನ್ನೂ ಇಲ್ಲೇ ಇದ್ದಾಳೆ ಎಂದುಕೊಂಡಿತ್ತು. ನನ್ನ ಹಳೆಯ ಕೆಲಸಗಳೆಲ್ಲ ಎಂದೋ ಮುಗಿದಿದ್ದವು. ಕಾವಲುಗಾರರು ಮಾತ್ರ ಒಬ್ಬರೂ ಮನೆಗೆ ಹೋಗಿರಲಿಲ್ಲ.

ಮುಖ್ಯಸ್ಥರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ, ಬೇಕೆಂದೇ ನಿಧಾನವಾಗಿ. ಹಾಲು ಕುಡಿದಷ್ಟು ಸಂತೋಷವಾಯಿತು. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ.

“ಹೆತ್ತ ತಾಯಿನ ನೋಡ್ಕೊಳ್ಳೋಕೆ ಪುರುಸೊತ್ತಿಲ್ಲ, ನನ್ನ ನೋಡ್ಕೊಳ್ಳೋಕೆ ಇಪ್ಪತ್ತಾರು ಕಾವಲು!”

ಅವನು ತಲೆ ಎತ್ತಲಿಲ್ಲ. “ಒಂದೊಂದೇ ಕಾವಲಿನ ನಂಬರ್ ನೋಡಿ ನಿಲ್ಲಿಸ್ತೀನಿ ಸಾರ್. ಹತ್ತು ನಿಮಿಷ ಕೊಡಿ.”

“ಏಳು ಮೇಲೆ. ನಿನ್ನ ಕೈಗೆ ಕೊಟ್ರೆ ನಂದನ್ನೂ ಸೇರಿಸಿ ಮುಗಿಸ್ತೀಯ.”

ಮುಖ್ಯಸ್ಥರು ತಲೆಯಾಡಿಸಿದರು. ಅವನು ಎದ್ದ, ನಾನು ಕೂತೆ. ಅವನ ಲಾಗಿನ್ ತೆರೆದೇ ಇತ್ತು. ಅದರಿಂದ ಯಾರ ಕೆಲಸವನ್ನು ಬೇಕಾದರೂ ನಿಲ್ಲಿಸಬಹುದು. ಒಂದೊಂದೇ ನಂಬರ್ ನೋಡುವ ತಾಳ್ಮೆ ಯಾರಿಗಿದೆ? ಒಂದೇ ಏಟಿಗೆ ಎಲ್ಲ ಮುಗಿಯಬೇಕಿತ್ತು, ಅದೂ ಅವನ ಕಣ್ಣೆದುರಿಗೆ. ಪಿಕಿಲ್ ಹೈಫನ್ ಎಫ್ ಎಂದು ಬರೆದು ಮುಂದೆ ‘ಕಮಾನು’ ಎಂದು ಸೇರಿಸಿದೆ. ಸಾಲಿನಲ್ಲಿ ಎಲ್ಲಾದರೂ ಆ ಪದವಿರುವ ಪ್ರತಿಯೊಂದು ಕೆಲಸವನ್ನೂ ನಿಲ್ಲಿಸು ಎಂದು ಅದರ ಅರ್ಥ.

“ಅತ್ತಿಗೆ, ತಡೀರಿ,” ಎಂದ ಅವನು ಹಿಂದಿನಿಂದ.

“ಬಾಯ್ಮುಚ್ಚು,” ಎಂದು ಎಂಟರ್ ಒತ್ತಿದೆ.

ಪಟ್ಟಿಯನ್ನು ಮತ್ತೆ ತೆಗೆದೆ. ಕಾವಲು ಒಂದೂ ಇರಲಿಲ್ಲ. ಕಮಾನೂ ಇರಲಿಲ್ಲ. ಇನ್ನೊಮ್ಮೆ ತೆಗೆದೆ. ಆಗಲೂ ಇರಲಿಲ್ಲ.

“ಭೇಷ್! ಈಗ ಸರಿಹೋಯ್ತಲ್ಲ?” ಮುಖ್ಯಸ್ಥರು ನನ್ನ ಕುರ್ಚಿಯ ಬೆನ್ನು ತಟ್ಟಿದರು. “ಶುಕ್ರವಾರಕ್ಕೆ ಉತ್ತರ ಬಂದ್ಬಿಡುತ್ತೆ ತಾನೇ?”

ತಿರುಗಿ ನೋಡಿದೆ. ಮೈದುನ ಪರದೆಯನ್ನು ಓದಿ ಮುಗಿಸಿದ್ದ. ನಗುತ್ತಾನೆ ಎಂದುಕೊಂಡೆ, ನಗಲಿಲ್ಲ. ಅವನೇ ಹೇಳಿಬಿಡಲಿ ಎಂದು ಜೀವ ಹಂಬಲಿಸಿತು.

“ಅವ್ರನ್ನೇ ಕೇಳಿ ಸಾರ್,” ಎಂದು ಹೇಳಿ, ಬಾಗಿಲು ತೆಗೆದುಕೊಂಡು ಹೊರಗೆ ಹೋದ.